ದಾನಪ್ಪ ಸರ್ ಕೆಮ್ಮು

ದಾನಪ್ಪ ಸರ್‌ಗೆ ಒಣಕೆಮ್ಮು ಹತ್ತಿ ತಿಂಗಳಾಗಿತ್ತು. ಜೋಗೇಶ್ವರಿಯ ಅವರ ಚಾಳಿನಲ್ಲಿ ಅದಕ್ಕೆ ಮದ್ದು ಹೇಳದವರೇ ಇರಲಿಲ್ಲ. ಟಿಬಿ ಇದ್ದೀತೆಂದು ಪಿಸುಗುಟ್ಟಿದವರೂ ಇದ್ದರು. ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಯ ಗಂಗುಬಾಯಿ ಕಷಾಯದ ಲೋಟ ಹಿಡಿದು ಬಾಗಿಲಿಗೆ ಅಡ್ಡ ನಿಂತಳು.

“ಕುಡುದು ಹೋಗ್ರಿ ಸರ. ಇವತ್ತ ನಿಮಗ ಪರೀಕ್ಷಾ ಐತಂತಲ್ಲ!”

ಪರೀಕ್ಷೆ ನಿಜವೇ. ವಡಾಲದ ಫಾರ್ಮಸಿ ಕಾಲೇಜಿನಲ್ಲಿ ಅವರು ಹನ್ನೆರಡು ವರ್ಷದಿಂದ ಅದೇ ನೋಟ್ಸ್ ಓದಿ ಬರೆಸುತ್ತಿದ್ದರು. ಪ್ರಿನ್ಸಿಪಾಲ್ ಮಹಾದೇವಿ ಮೇಡಂ ಯಾವುದೋ ವರ್ಕ್‌ಶಾಪಿಗೆ ಹೋಗಿ ಬಂದದ್ದೇ ತಡ, ಗ್ರಹಚಾರ ಕೆಟ್ಟಿತು.

“ಕೆಲವರು ಕೇಳಿ ಕಲೀತಾರ, ಕೆಲವರು ನೋಡಿ, ಕೆಲವರು ಮಾಡಿ. ನಿಮ್ಮ ಡಿಕ್ಟೇಷನ್‌ದಿಂದ ಯಾರೂ ಕಲಿಯೂದಿಲ್ಲ. ಶುಕ್ರವಾರ ಒಬ್ಬ ಪೇಷಂಟಿನ ಸಮಸ್ಯೆ ಕೊಡ್ರಿ, ಹುಡುಗ್ರು ಬಿಡಸ್ಲಿ. ನಾ ಹಿಂದ ಕೂತು ನೋಡ್ತೀನಿ. ಆಗಲಿಲ್ಲಂದ್ರ ನೀವು ಸ್ಟೋರ್ ರೂಮ್ ನೋಡ್ಕೊಳ್ರಿ.”

ಸಮಸ್ಯೆಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಲೋಕಲ್ ರೈಲು ಹತ್ತಿದ್ದರು. ಬಾಗಿಲ ಬಳಿ ನಿಂತು ಓದುತ್ತಿದ್ದಾಗ ಕೆಮ್ಮು ಒತ್ತರಿಸಿ ಬಂತು, ಹಾಳೆ ಹಳಿಗಳ ಮೇಲೆ ಹಾರಿಹೋಯಿತು.

ಕ್ಲಾಸಿನಲ್ಲಿ ಬಾಯಿ ತೆರೆದರೆ ಮಾತೇ ಇಲ್ಲ, ಬರೀ ಕೆಮ್ಮು. ಹಿಂದಿನ ಬೆಂಚಿನಲ್ಲಿ ಮೇಡಂ ಪೆನ್ನು ತೆಗೆದರು. ದಾನಪ್ಪ ಸರ್ ದಿಕ್ಕು ತೋಚದೆ ಗಂಟಲು ತೋರಿಸಿದರು.

“ಅರೇ, ಸರ್ ಖುದ್ ಪೇಷಂಟ್ ಆಗ್ಯಾರ!” ಮುಂದಿನ ಬೆಂಚಿನ ಸೌಮ್ಯಾ ಕೂಗಿದಳು. ಪ್ರಶ್ನೆಗಳು ಶುರುವಾದವು. ಕಫ ಇದೆಯಾ? ಸರ್ ತಲೆ ಅಲ್ಲಾಡಿಸಿದರು. ಜ್ವರ? ಅದೂ ಇಲ್ಲ.

“ಬೇರೆ ಯಾವ್ದಾದ್ರೂ ಗುಳಿಗಿ ಚಾಲೂ ಇದೆ ಕ್ಯಾ?” ಎಂದ ಅವಳ ಪಕ್ಕದ ಅಮೋಲ್.

ಸರ್ ಜೇಬಿನಿಂದ ಬಿಪಿ ಗುಳಿಗೆಯ ಸ್ಟ್ರಿಪ್ ತೆಗೆದರು. ಎಷ್ಟು ತಿಂಗಳಿಂದ ಎಂದದ್ದಕ್ಕೆ ಒಂದು ಬೆರಳು ತೋರಿಸಿದರು.

ಸ್ಟ್ರಿಪ್ ಮೇಲಿನ ಹೆಸರು ಓದಿ ಸೌಮ್ಯಾ ಜಿಗಿದು ನಿಂತಳು. “ಮಿಲ್ ಗಯಾ! ಕೆಮ್ಮು ಈ ಗುಳಿಗಿದೇ ಸರ್! ಡಾಕ್ಟರ್‌ಗೆ ಹೇಳಿ ಬದಲಿ ತಗೊಳ್ರಿ.”

ಈ ಗುಳಿಗೆಯಿಂದ ಒಣಕೆಮ್ಮು ಬರಬಹುದೆಂಬ ಸಾಲನ್ನು ಹನ್ನೆರಡು ವರ್ಷ ಬರೆಸಿದವರು ಅವರೇ. ಅದು ಬರೆಸಿದವರ ತಲೆಗೇ ಇಳಿದಿರಲಿಲ್ಲ. ನಾಚಿಕೆಯಾಯಿತು, ಆದರೆ ಅದಕ್ಕಿಂತ ದೊಡ್ಡದು ಸಮಾಧಾನ. ಟಿಬಿ ಅಲ್ಲ! ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅವರ ಕಣ್ಣು ತುಂಬಿಬಂತು.

ಮೇಡಂ ಚಪ್ಪಾಳೆ ತಟ್ಟುತ್ತ ಮುಂದೆ ಬಂದರು. “ಒಂದು ಮಾತೂ ಆಡದ ಪಾಠ ಮಾಡಿದ್ರಲ್ಲ ಸರ್! ಏನ್ ಆ್ಯಕ್ಟಿಂಗ್! ಸ್ಟೋರ್ ಮಾತು ಮರೀರಿ.”

“ಮೇಡಂ, ಸಂಜೀಕ ಡಾಕ್ಟರ್ ಕಡೆ…” ಎಂದು ದಾನಪ್ಪ ಸರ್ ಶುರುಮಾಡಿದರು.

“ಅದಿರ್ಲಿ. ಇನ್ನ ಇಪ್ಪತ್ತು ದಿನಕ್ಕ ಇನ್‌ಸ್ಪೆಕ್ಷನ್ ಕಮಿಟಿ ಬರ್ತದ. ಅವರ ಮುಂದ ಇದೇ ಪಾಠ. ಕೆಮ್ಮು ಮಾತ್ರ ಹಿಂಗ ಖರೇ ಅನ್ನಿಸ್ಬೇಕು. ಇಲ್ಲಂದ್ರ ಸ್ಟೋರ್ ರೂಮ್ ಎಲ್ಲೂ ಹೋಗಿಲ್ಲ.”

ಸಂಜೆ ದಾನಪ್ಪ ಸರ್ ಡಾಕ್ಟರ ಬಳಿ ಹೋಗಲಿಲ್ಲ. ಸ್ಟೇಷನ್ ಪಕ್ಕದ ಮೆಡಿಕಲ್ ಅಂಗಡಿಯಲ್ಲಿ ಅದೇ ಗುಳಿಗೆಯ ಎರಡು ಸ್ಟ್ರಿಪ್ ಕೊಂಡರು.