ಡಿ-ಡೇ ಆದಮೇಲೆ

ಮೂವತ್ತು ವರ್ಷ ಸೈನ್ಯದ ಉಗ್ರಾಣದಲ್ಲಿ ಕಂಬಳಿ, ಬೂಟು ಎಣಿಸಿ ನಿವೃತ್ತನಾದವನನ್ನು ಬೀದಿಯವರೆಲ್ಲ ‘ಕ್ಯಾಪ್ಟನ್’ ಎನ್ನುತ್ತಿದ್ದರು. (ಆತ ಯಾವತ್ತೂ ಕ್ಯಾಪ್ಟನ್ ಆಗಿರಲಿಲ್ಲ, ಹಾಗೆ ಕರೆಯಬೇಡಿ ಎಂದೂ ಹೇಳಿರಲಿಲ್ಲ.) ಅಂಥ ವೀರಾಧಿವೀರನಿಗೆ ಆಸ್ಪತ್ರೆಯವರು ಮಾಡಿದ ಅನ್ಯಾಯ ನೋಡಿ: ಹೆಂಡತಿಯ ಮಂಡಿ ಆಪರೇಷನ್ನಿಗೆ ದಿನವನ್ನೇ ಕೊಡದೆ, “ಹಾಸಿಗೆ ಖಾಲಿಯಾದಾಗ ಫೋನ್ ಮಾಡ್ತೀವಿ” ಎಂದು ಕೈತೊಳೆದುಕೊಂಡಿದ್ದರು.

ಕ್ಯಾಪ್ಟನ್ ಜಗ್ಗಲಿಲ್ಲ. ಅಡುಗೆಮನೆಯ ಗೋಡೆಗೆ ಚಾರ್ಟ್ ಅಂಟಿಸಿದ. ಡಿ ಮೈನಸ್ ಏಳು: ಔಷಧಿ ಪಟ್ಟಿ. ಡಿ ಮೈನಸ್ ಮೂರು: ಉಗುರು ಕತ್ತರಿಸುವುದು. ಡಿ ಮೈನಸ್ ಒಂದು: ಚೀಲ ತಪಾಸಣೆ, ಎರಡು ಸಲ. ಕೊನೆಗೆ ಡಿ-ಡೇ: ಆಪರೇಷನ್.

“ಡಿ ಅಂದ್ರೇನ್ರೀ?” ಎಂದಳು ಹೆಂಡತಿ.

“ಡೇ. ದಿನ.”

“ಹಾಗಾದ್ರೆ ಡಿ-ಡೇ ಅಂದ್ರೆ ದಿನ-ದಿನ! ಅಷ್ಟು ದೊಡ್ಡ ಸೈನ್ಯದಲ್ಲಿ ಒಬ್ಬರಿಗೂ ಬೇರೆ ಹೆಸರು ಹೊಳೀಲಿಲ್ವಾ?”

“ಮೊದಲನೇ ಮಹಾಯುದ್ಧದ ಕಾಲದ ಮಾತು ಕಣೇ ಅದು! ತಾರೀಕು ಗೊತ್ತಾಗದೇ ಇದ್ರೆ, ಇಲ್ಲಾ ಗುಟ್ಟಾಗಿಡಬೇಕಾದ್ರೆ, ಆ ದಿನಕ್ಕೆ ಡಿ ಅನ್ನೋದು. ಹಿಂದಿನ ದಿನ ಮೈನಸ್ ಒಂದು, ಮಾರನೇ ದಿನ ಪ್ಲಸ್ ಒಂದು.”

ಹೆಂಡತಿ ಕನ್ನಡಕ ಏರಿಸಿ ಚಾರ್ಟನ್ನು ಮೇಲಿಂದ ಕೆಳಗೆ ನೋಡಿದಳು. “ಮತ್ತೆ ಪ್ಲಸ್ ಎಲ್ಲಿ?”

ಇರಲಿಲ್ಲ. ಬೂಟಿನ ಲೇಸನ್ನೂ ಮರೆಯದ ಮನುಷ್ಯ ಡಿ-ಗೆ ಬಂದು ನಿಂತುಬಿಟ್ಟಿದ್ದ. ಕ್ಯಾಪ್ಟನ್ ಕಣ್ಣೊರೆಸಿಕೊಂಡ.

“ನಿನ್ನ ಒಳಗೆ ಕರ್ಕೊಂಡು ಹೋಗಿ ಬಾಗಿಲು ಹಾಕ್ತಾರಲ್ಲ... ಅದರಾಚೆ ಯೋಚನೆ ಮಾಡೋಕೇ ಆಗ್ಲಿಲ್ಲ ಕಣೇ. ಭಯ.”

“ಮಂಡಿ ಕಣ್ರೀ ಅದು, ಬರೀ ಮಂಡಿ!” ಎಂದು ಗದರಿದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಪೆನ್ಸಿಲ್ ಕಿತ್ತುಕೊಂಡು ತಾನೇ ಬರೆಯತೊಡಗಿದಳು.

ಡಿ ಪ್ಲಸ್ ಒಂದು: ಹೆಂಡತಿ ಎದ್ದು ಕೂರುವುದು, ಗಂಡ ಅಳು ನಿಲ್ಲಿಸುವುದು. ಪ್ಲಸ್ ನಾಲ್ಕು: ಮನೆಗೆ, ಗಂಡ ಅಡುಗೆ ಕಲಿಯುವುದು. ಪ್ಲಸ್ ಐದು: ಪಾತ್ರೆ, ಬಟ್ಟೆ, ಕಸ, ಎಲ್ಲ ಗಂಡನದೇ. ಪ್ಲಸ್ ನಲವತ್ತು: ಇಬ್ಬರೂ ಪಾರ್ಕಿಗೆ ನಡೆದುಕೊಂಡು ಹೋಗುವುದು.

ಕ್ಯಾಪ್ಟನ್ ಕೊನೆಯ ಸಾಲನ್ನು ಮೂರು ಸಲ ಓದಿದ. ನಲವತ್ತನೇ ದಿನವೂ ಅವಳಿರುತ್ತಾಳೆ! ಎದೆಯ ಮೇಲಿನ ಭಾರ ಇಳಿದು ಪ್ರಾಣ ಬಂದಂತಾಯಿತು. ಬಂದ ಪ್ರಾಣ ಸುಮ್ಮನಿರಬೇಕಲ್ಲ, ಜಂಭ ಕೊಚ್ಚಿತು.

“ನಲವತ್ತೇ ದಿನ ತಾನೆ? ಒಂದು ಲೋಟಾನೂ ಎತ್ತಿಡೋಕೆ ಬಿಡಲ್ಲ ನಿನ್ನ. ಸರಿ, ನಲವತ್ತೊಂದಕ್ಕೆ ಏನು ಬರೀತೀಯ?”

“ನಲವತ್ತೊಂದಕ್ಕಾ?” ಅವಳು ಪೆನ್ಸಿಲ್ ಕೆಳಗಿಟ್ಟು, ಎಡಗಾಲನ್ನು ಮೆಲ್ಲಗೆ ಮುಂದೆ ಚಾಚಿದಳು. “ಇನ್ನೊಂದು ಮಂಡಿ ಇದೆಯಲ್ರೀ. ಅದಕ್ಕೂ ಡಾಕ್ಟರು ದಿನ ಹೇಳಿಲ್ಲ. ಅಲ್ಲೀವರೆಗೂ ಅಡುಗೆ ನಿಮ್ಮದೇ.”