ಚಕ್ರವರ್ತಿಗಳು ಮಹಡಿ ಏರಿದ್ದು

ಚಕ್ರವರ್ತಿ ಮಾಡಿದ ತಪ್ಪು ಒಂದೇ. ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಕರೆ ಬಂದಿದೆ ಎಂದು ತಾಯಿಗೆ ಹೇಳುವಾಗ, ಪಕ್ಕದ ಕೋಣೆಯಲ್ಲಿ ಸೋದರಮಾವ ಎಚ್ಚರವಾಗಿದ್ದಾನೆಯೇ ಎಂದು ನೋಡಿಕೊಳ್ಳಲಿಲ್ಲ.

ಚಕ್ರವರ್ತಿ ಎಂಬುದು ಅವನ ನಿಜವಾದ ಹೆಸರಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರ ಹೋಗುವಾಗ ಎರಡೂ ಕಾಲುಗಳ ಬಲವನ್ನು ಜೊತೆಗೇ ಕೊಂಡೊಯ್ದಿತ್ತು. ಗಾಲಿಕುರ್ಚಿಯಲ್ಲಿ ಶಾಲೆಗೆ ಹೋದ ಮೊದಲ ದಿನ, ಬೇರೆಯವರು ಕೆಟ್ಟ ಹೆಸರು ಇಡುವುದಕ್ಕೆ ಮುಂಚೆ ತಾನೇ ಒಂದು ಒಳ್ಳೆಯ ಹೆಸರು ಇಟ್ಟುಕೊಳ್ಳುವುದು ವಾಸಿ ಎಂದು ಅವನಿಗೆ ಹೊಳೆಯಿತು. "ಚಕ್ರದ ಮೇಲೆ ಓಡಾಡೋನು ಚಕ್ರವರ್ತಿ" ಎಂದು ಮೇಷ್ಟರ ಎದುರಿಗೇ ಘೋಷಿಸಿಬಿಟ್ಟ. ಹೆಸರು ಅಂಟಿಕೊಂಡಿತು.

ಈಗ ಅವನು ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎಸ್ಸಿ. ಓದುತ್ತಿದ್ದ; ರಜೆಗೆಂದು ಮನೆಗೆ ಬಂದಿದ್ದ. ಮೊದಲ ವರ್ಷ ವಿಕಲಚೇತನರ ವಿದ್ಯಾರ್ಥಿವೇತನ ಸಿಕ್ಕಿತ್ತು. ಅದರ ದೆಸೆಯಿಂದಲೇ ಹಾಸ್ಟೆಲಿನ ಕೆಳಗಿನ ಕೋಣೆಯೂ ಸಿಕ್ಕಿತ್ತು. ಎರಡನೆಯ ವರ್ಷಕ್ಕೆ ಅದು ಸಿಗದಿದ್ದರೆ ದಿನಾ ಮನೆಯಿಂದ ಬರಬೇಕು. ಊರಿನ ಯಾವ ಬಸ್ಸಿಗೂ ಗಾಲಿಕುರ್ಚಿ ನುಗ್ಗುವಷ್ಟು ಬಾಗಿಲಿರಲಿಲ್ಲ, ದಿನಾ ಆಟೋಗೆ ಕೊಡುವಷ್ಟು ದುಡ್ಡಿರಲಿಲ್ಲ. ಅಂದರೆ ಗಣಿತಕ್ಕೆ ಕೈಮುಗಿದು ಮನೆಯಲ್ಲಿ ಕೂರುವುದೊಂದೇ ದಾರಿ.

ಸೋದರಮಾವ ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಮೇಲ್ವಿಚಾರಕನಾಗಿದ್ದು ನಿವೃತ್ತನಾದವನು. ನಿವೃತ್ತಿಯಾದ ಮೇಲೂ ಮೇಲ್ವಿಚಾರಣೆಯ ಚಟ ಹೋಗಿರಲಿಲ್ಲ. ಸಂದರ್ಶನದ ದಿನ ಬೆಳಗ್ಗೆ ಇಸ್ತ್ರಿ ಮಾಡಿದ ಶರಟು ತೊಟ್ಟು ಬಾಗಿಲಲ್ಲಿ ನಿಂತಿದ್ದ.

"ನಾನೊಬ್ನೇ ಹೋಗ್ಬರ್ತೀನಿ ಮಾವ. ನಿಮಗ್ಯಾಕೆ ತೊಂದರೆ?"

"ತೊಂದರೆ ತಗೊಳ್ಳೋಕೆ ತಾನೇ ಕಣೋ ಮಾವ ಅಂತ ಇರೋದು!" ಎಂದ ಮಾವ, ಆಟೋ ಹತ್ತಿಸುವಾಗಲೇ ಉಪದೇಶ ಶುರುಮಾಡಿದ. "ನೋಡು ಅಳಿಯಾ, ಮುಖ ಸ್ವಲ್ಪ ಬಾಡಿಸ್ಕೋ. ಹೀಗೆ ಹಲ್ಲು ಬಿಟ್ಕೊಂಡು ಹೋದ್ರೆ ಯಾರಯ್ಯ ಕೊಡ್ತಾರೆ?"

"ಒಳ್ಳೇ ಅಂಕ ಬಂದಿದೆ ಮಾವ. ಅದನ್ನ ನೋಡಿ ಕೊಡ್ತಾರೆ."

"ಅಂಕ ನೋಡಿ ಬೆನ್ನು ತಟ್ತಾರೆ. ಮುಖ ನೋಡಿ ದುಡ್ಡು ಕೊಡ್ತಾರೆ. ನನಗೆ ಗೊತ್ತು."

ಆಡಳಿತ ಕಚೇರಿಯ ಕಟ್ಟಡಕ್ಕೆ ಗಾಲಿಕುರ್ಚಿಗೆಂದೇ ಮಾಡಿದ ಇಳಿಜಾರು ದಾರಿ ಇತ್ತು. ಅದರ ಮೇಲೆ ಹೂವಿನ ಕುಂಡಗಳನ್ನು ಸಾಲಾಗಿ ಜೋಡಿಸಿದ್ದರು. ಮಾವ ತೋಟದ ಮಾಲಿಯನ್ನು ಕೂಗಿ ಕರೆದು, ಕುಂಡಗಳನ್ನೆಲ್ಲ ತೆಗೆಸಿ, ಅಳಿಯನನ್ನು ಒಳಕ್ಕೆ ತಳ್ಳಿಕೊಂಡು ಬಂದ. ಬಾಗಿಲಲ್ಲಿ ಕಾವಲುಗಾರ ಸ್ಟೂಲಿನ ಮೇಲೆ ಕೂತಿದ್ದ.

"ವಿಕಲಚೇತನರ ವಿಭಾಗ ಎಲ್ಲಿ ಬರುತ್ತೆ?" ಎಂದು ಚಕ್ರವರ್ತಿ ಕೇಳಿದ. ಹೋದ ವರ್ಷ ಸಂದರ್ಶನವಿಲ್ಲದೆ ಅಂಚೆಯಲ್ಲೇ ಎಲ್ಲ ಮುಗಿದಿದ್ದರಿಂದ ಅವನು ಈ ಕಟ್ಟಡದೊಳಗೆ ಕಾಲಿಟ್ಟಿರಲಿಲ್ಲ; ಚಕ್ರವನ್ನೂ ಇಟ್ಟಿರಲಿಲ್ಲ.

"ಮೂರನೇ ಮಹಡಿ."

"ಲಿಫ್ಟು?"

"ಕೆಟ್ಟಿದೆ."

"ಯಾವಾಗಿಂದ?"

ಕಾವಲುಗಾರ ತಲೆ ಕೆರೆದುಕೊಂಡ. "ನಾನು ಕೆಲಸಕ್ಕೆ ಸೇರಿದಾಗ ಕೆಟ್ಟಿತ್ತು. ಅದಕ್ಕೂ ಮುಂಚಿನದು ಗೊತ್ತಿಲ್ಲ ಸಾರ್." ಲಿಫ್ಟಿನ ಬಾಗಿಲು ಅರ್ಧ ತೆರೆದೇ ಇತ್ತು. ಒಳಗೆ ಪೊರಕೆ, ಬಕೆಟ್ಟು ಮತ್ತು ಕಾವಲುಗಾರನ ಬುತ್ತಿ ಸುಖವಾಗಿದ್ದವು.

ಚಕ್ರವರ್ತಿ ಸಮಾಧಾನದಿಂದಲೇ ಹೇಳಿದ. "ಮೇಲಕ್ಕೊಂದು ಫೋನ್ ಮಾಡಿ. ಅವರಲ್ಲೇ ಯಾರಾದ್ರೂ ಕೆಳಗೆ ಬಂದು ಮಾತಾಡಿಸಿದ್ರೆ ಆಯ್ತು."

ಕಾವಲುಗಾರ ಫೋನ್ ಮಾಡಿದ. ಮೇಲೆ ಎತ್ತಿಕೊಂಡವರು ಗುಮಾಸ್ತೆಯಮ್ಮ. ಅವರ ದನಿ ಫೋನಿನಿಂದ ಹೊರಗೂ ಕೇಳಿಸಿತು. "ಅಭ್ಯರ್ಥಿ ಖುದ್ದಾಗಿ ಸಮಿತಿ ಮುಂದೆ ಹಾಜರಾಗಬೇಕು ಅಂತ ನಿಯಮ. ಸಮಿತಿ ಅಭ್ಯರ್ಥಿ ಮುಂದೆ ಹಾಜರಾಗಬೇಕು ಅಂತ ಇಲ್ಲ. ಆದ್ರೂ ಅಧ್ಯಕ್ಷರನ್ನ ಕೇಳಿ ಹೇಳ್ತೀನಿ, ಇರಿ."

ಇರುವುದು ಮಾವನ ಜಾಯಮಾನದಲ್ಲಿರಲಿಲ್ಲ. ಅಷ್ಟರಲ್ಲೇ ಅವನು ಕ್ಯಾಂಟೀನಿಗೆ ಹೋಗಿ ಇಬ್ಬರು ಅಡುಗೆಯವರನ್ನು ಎಳೆದುಕೊಂಡು ಬಂದಿದ್ದ. ಮಾಲಿಯ ಕೈಯಿಂದ ನೀರಿನ ಪೈಪು ಬಿಡಿಸಿಯೂ ಆಗಿತ್ತು.

"ಬೇಡ ಮಾವ. ನನ್ನನ್ನ ಹೊತ್ಕೊಂಡು ಹೋಗೋದು ಬೇಡ. ಸ್ವಲ್ಪ ಕಾಯೋಣ."

"ನೀನು ಸುಮ್ನೆ ಕೂತ್ಕೋ. ಆರು ಬಾಗಿಲಿನ ಬೀರುಗಳನ್ನ ಹತ್ತಿಸಿದೀನಿ ನಾನು. ನೀನ್ಯಾವ ಲೆಕ್ಕ?"

ಹೀಗೆ ಚಕ್ರವರ್ತಿಗಳು ಮಹಡಿ ಏರತೊಡಗಿದರು. ಮುಂದೆ ಮಾಲಿ ಮತ್ತು ಒಬ್ಬ ಅಡುಗೆಯವನು, ಹಿಂದೆ ಇನ್ನೊಬ್ಬ ಅಡುಗೆಯವನ ಜೊತೆಗೆ ಮಾವ. ಮಾವನ ಕೈಗಿಂತ ಬಾಯಿಗೇ ಹೆಚ್ಚು ಕೆಲಸವಿತ್ತು. "ಎಡಕ್ಕೆ, ಎಡಕ್ಕೆ! ಮೂಲೆ ತಾಗುತ್ತೆ! ಸ್ವಲ್ಪ ವಾರೆ ಮಾಡ್ರಯ್ಯಾ!" ವಾರೆ ಮಾಡಿದರು. ಚಕ್ರವರ್ತಿ ಜಾರುವ ಮೂಟೆಯಂತೆ ಒಂದು ಕಡೆಗೆ ವಾಲಿ, ಮಾಲಿಯ ಕಾಲರು ಹಿಡಿದುಕೊಂಡ. ತಿರುವಿನಲ್ಲಿ ಎದುರಾದ ಪ್ರಾಧ್ಯಾಪಕರೊಬ್ಬರು ಗೋಡೆಗೆ ಅಂಟಿಕೊಂಡು ನಿಂತು, "ಹಿಂದುಮುಂದು ಮಾಡಿ ಹತ್ತಿಸಿದ್ರೆ ಸಲೀಸು" ಎಂದರು. ಮಾವ ಅವರ ಮಾತಿಗೆ ಬೆಲೆ ಕೊಟ್ಟ. ಅಲ್ಲಿಂದ ಮುಂದೆ ಚಕ್ರವರ್ತಿ, ತಾನು ಬಿಟ್ಟು ಬಂದ ನೆಲವನ್ನೇ ನೋಡುತ್ತ ಮೇಲೇರಿದ. ಬೆವರು ಹೊತ್ತವರದು, ನಾಚಿಕೆ ಅವನದು.

ಮೂರನೇ ಮಹಡಿಯಲ್ಲಿ ಗುಮಾಸ್ತೆಯಮ್ಮ ಅವರನ್ನು ಕಂಡು ಎದ್ದು ನಿಂತರು.

"ಅಯ್ಯೋ, ನೀವು ಇಲ್ಲಿಗ್ಯಾಕೆ ಬಂದ್ರಿ? ನಿಮಗೆ ಹತ್ತೋಕೆ ಆಗಲ್ಲ ಅಂತ ಅಧ್ಯಕ್ಷರೇ ಕೆಳಗೆ ಹೋದ್ರಲ್ಲ! ಹಿಂದುಗಡೆ ಮೆಟ್ಟಿಲಲ್ಲಿ ಇಳಿದ್ರು. ಪಾಪ, ಅವರಿಗೆ ಮಂಡಿ ನೋವು ಬೇರೆ."

"ಇಲ್ಲೇ ಕಾಯ್ತೀನಿ ಮೇಡಂ" ಎಂದು ಚಕ್ರವರ್ತಿ ಬಾಯಿ ತೆರೆಯುವಷ್ಟರಲ್ಲಿ ಮಾವ ಕೂಗಿದ್ದ. "ದೊಡ್ಡವರನ್ನ ಕಾಯಿಸಬಾರದು! ಎತ್ರಯ್ಯಾ!"

ಇಳಿಯುವುದು ಹತ್ತುವುದಕ್ಕಿಂತ ಕಷ್ಟ ಎಂಬುದು ಇಳಿಯುವಾಗ ತಿಳಿಯಿತು. ಹೇಗೋ ಮೊದಲನೆಯ ಮಹಡಿಗೆ ಬಂದು, ಅದರ ಕೆಳಗಿನ ತಿರುವನ್ನು ಮುಟ್ಟಿದ್ದರು. ಆಗ ಕ್ಯಾಂಟೀನಿನ ಯಜಮಾನನ ದನಿ ಕಟ್ಟಡವನ್ನೆಲ್ಲ ತುಂಬಿತು. "ಲೋ, ಒಲೆ ಮೇಲೆ ಹಾಲು ಇಟ್ಟು ಎಲ್ಲಿ ಸತ್ರೋ!" ಇಬ್ಬರು ಅಡುಗೆಯವರೂ ಕುರ್ಚಿಯನ್ನು ತಿರುವಿನಲ್ಲೇ ಇಟ್ಟು ಓಡಿದರು. ಮಾಲಿಗೆ, ಪೈಪಿನ ನೀರು ಇಷ್ಟು ಹೊತ್ತಿಗೆ ಯಾರ ಕಾರಿನೊಳಗೆ ಹರಿದಿದೆಯೋ ಎಂಬ ಯೋಚನೆ ಬಂತು. ಅವನೂ ಹೋದ.

ಚಕ್ರವರ್ತಿ ಮೇಲೂ ಅಲ್ಲ, ಕೆಳಗೂ ಅಲ್ಲ ಎನ್ನುವ ಹಾಗೆ ಕೂತ. ಮಾವ ಅಪ್ಪಣೆ ಕೊಡಲು ಇನ್ಯಾರಾದರೂ ಸಿಗುತ್ತಾರೆಯೇ ಎಂದು ಕಂಬಿಯ ಮೇಲಿಂದ ಬಗ್ಗಿ ನೋಡಿದ.

ಆಗ ಕೆಳಗಿನಿಂದ ಏದುಸಿರು ಕೇಳಿಸಿತು. ಭಾರೀ ಗಾತ್ರದ ಹಿರಿಯರೊಬ್ಬರು ಕಂಬಿ ಹಿಡಿದು, ಪ್ರತಿ ಮೆಟ್ಟಿಲಿಗೂ "ಅಮ್ಮಾ" ಎನ್ನುತ್ತ ಹತ್ತಿ ಬರುತ್ತಿದ್ದರು. ಹುಡುಗನನ್ನು ಮುಂಭಾಗದ ಮೆಟ್ಟಿಲಲ್ಲಿ ಮೇಲೆ ಹೊತ್ತುಕೊಂಡು ಹೋದರು ಎಂದು ಕಾವಲುಗಾರ ಅವರಿಗೆ ಹೇಳಿದ್ದ. ತಿರುವಿಗೆ ಬಂದವರೇ ಮೆಟ್ಟಿಲ ಮೇಲೆ ದೊಪ್ಪನೆ ಕೂತುಬಿಟ್ಟರು.

"ನೀನೇ ಏನಪ್ಪಾ ಆ ಗಣಿತದ ಹುಡುಗ?"

"ಹೌದು ಸರ್."

"ನಾನು ಅಧ್ಯಕ್ಷ. ಇನ್ನು ಒಂದು ಮೆಟ್ಟಿಲು ಹತ್ತೋಕೂ ಆಗಲ್ಲ, ಇಳಿಯೋಕೂ ಆಗಲ್ಲ. ಸಂದರ್ಶನ ಇಲ್ಲೇ ಮುಗಿಸಿಬಿಡೋಣ."

ಅಧ್ಯಕ್ಷರು ಗಣಿತದವರೇ ಆಗಿದ್ದರು. ಒಂದು ಪ್ರಶ್ನೆ ಕೇಳಿದರು. ಚಕ್ರವರ್ತಿ ಗೋಡೆಯ ಮೇಲೆ ಬೆರಳಾಡಿಸುತ್ತ ಉತ್ತರ ಹೇಳಿದ. ಇನ್ನೊಂದು ಕೇಳಿದರು, ಅದಕ್ಕೆ ಎರಡು ರೀತಿಯ ಉತ್ತರ ಕೊಟ್ಟ. ಅಧ್ಯಕ್ಷರು ಮಂಡಿ ನೋವು ಮರೆತು ಮುಂದಕ್ಕೆ ಬಾಗಿದರು.

"ಭೇಷ್! ಈಗ ಹೇಳಪ್ಪಾ, ನಿನ್ನ ಕಷ್ಟ ಏನು?"

ಮಾವ ಹಿಂದಿನಿಂದ ಬೆನ್ನಿಗೆ ತಿವಿದು, "ಮುಖ, ಮುಖ" ಎಂದು ಪಿಸುಗುಟ್ಟಿದ. ಬೆಳಗಿನಿಂದ ಬೀರುವಾಗಿ, ಮೂಟೆಯಾಗಿ ಸಾಕಾಗಿದ್ದ ಚಕ್ರವರ್ತಿ ಮುಖ ಬಾಡಿಸಲಿಲ್ಲ. ನೆಟ್ಟಗೆ ಕೂತು ಹೇಳಿದ.

"ನನ್ನ ಕಾಲು ನನಗೆ ಕಷ್ಟ ಕೊಟ್ಟಿಲ್ಲ ಸರ್. ಕಷ್ಟ ಕೊಡ್ತಿರೋದು ಈ ಮೆಟ್ಟಿಲು. ನಮ್ಮಂಥವರ ವಿಭಾಗವನ್ನೇ ಮೂರನೇ ಮಹಡೀಲಿ ಇಟ್ಟು, ಲಿಫ್ಟಲ್ಲಿ ಪೊರಕೆ ಇಟ್ಟಿದಾರೆ. ನೀವೇ ಹೇಳಿ, ಈಗ ನಮ್ಮಿಬ್ರಿಗೂ ಏನು ವ್ಯತ್ಯಾಸ?"

ಮಾವ ಕಣ್ಣು ಮುಚ್ಚಿಕೊಂಡ. ಅಧ್ಯಕ್ಷರು ಚಕ್ರವರ್ತಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. ಮಂಡಿಗೋ, ಮಾತಿಗೋ ಹೇಳಲಾಗದು. "ನಲವತ್ತು ವರ್ಷ ಪಾಠ ಮಾಡಿದೀನಿ. ಇವತ್ತು ನೀನು ನನಗೆ ಪಾಠ ಮಾಡಿದೆ. ನಿನ್ನ ಮಾತು ವ್ಯರ್ಥವಾಗೋಕೆ ಬಿಡಲ್ಲ" ಎಂದರು.

ಹಾಲು ಇಳಿಸಿ ಬಂದ ಅಡುಗೆಯವರು ಮೊದಲು ಚಕ್ರವರ್ತಿಯನ್ನು ಕೆಳಗಿಳಿಸಿದರು, ಆಮೇಲೆ ಕುರ್ಚಿಯೊಂದನ್ನು ತಂದು ಅಧ್ಯಕ್ಷರನ್ನು ಮೇಲಕ್ಕೆ ಹೊತ್ತರು. ಮಾವ ಎರಡಕ್ಕೂ ಮೇಲ್ವಿಚಾರಣೆ ಮಾಡಿದ.

ಮಧ್ಯಾಹ್ನ ಫಲಿತಾಂಶ ಹೇಳುತ್ತೇವೆ ಎಂದಿದ್ದರು. ಅಷ್ಟರೊಳಗೆ ಮಾವ ಕಾವಲುಗಾರನಿಗೂ ಮಾಲಿಗೂ ಟೀ ಕುಡಿಸಿ, "ನಮ್ಮ ಹುಡುಗನಿಗೆ ಆಗಿಹೋಯ್ತು ಬಿಡಿ, ಅಧ್ಯಕ್ಷರು ಕೈ ಹಿಡ್ಕೊಂಡು ಅತ್ರು" ಎಂದು ಸಾರಿದ್ದ. ಚಕ್ರವರ್ತಿ ಬೇಡವೆಂದರೂ ಮನಸ್ಸು ಅವನ ಮಾತು ಕೇಳದೆ, ಹಾಸ್ಟೆಲಿನ ಕೋಣೆಯ ಕಿಟಕಿ ಪಕ್ಕಕ್ಕೆ ಮೇಜನ್ನು ಸರಿಸುತ್ತಿತ್ತು.

ಗುಮಾಸ್ತೆಯಮ್ಮ ನಗುನಗುತ್ತ ಇಳಿದು ಬಂದರು.

"ಕಂಗ್ರಾಜುಲೇಷನ್ಸ್! ನೀವು ಹೇಳಿದ್ದನ್ನ ಸಮಿತಿ ಒಮ್ಮತದಿಂದ ಒಪ್ಕೊಂಡಿದೆ. ಲಿಫ್ಟ್ ರಿಪೇರಿಗೆ ಮಂಜೂರಾತಿ ಸಿಕ್ತು!"

"ತುಂಬ ಸಂತೋಷ ಮೇಡಂ. ಸ್ಕಾಲರ್‌ಶಿಪ್ಪು?"

"ಅದೇ ದುಡ್ಡಲ್ಲೇ ಮಾಡಿಸ್ತಾ ಇರೋದು. ವಿಕಲಚೇತನರ ಹೆಸರಲ್ಲಿ ಇರೋ ನಿಧಿ ಅದೊಂದೇ ಅಲ್ವಾ? ಈ ವರ್ಷದ್ದು ಪೂರ್ತಿ ಅದಕ್ಕೇ ಬೇಕಂತೆ. ಹಾಗಾಗಿ ಈ ಸಲ ಯಾರಿಗೂ ಸ್ಕಾಲರ್‌ಶಿಪ್ ಇಲ್ಲ."

ಮಾವನ ಕೈಯಲ್ಲಿದ್ದ ಟೀ ಲೋಟ ಬಾಯಿಗೂ ಹೋಗದೆ, ಕೆಳಗೂ ಇಳಿಯದೆ ನಡುವೆಯೇ ನಿಂತಿತು.

"ಇನ್ನೊಂದು ವಿಷಯ" ಎಂದರು ಗುಮಾಸ್ತೆಯಮ್ಮ. "ಲಿಫ್ಟಿನ ಉದ್ಘಾಟನೆಗೆ ನೀವೇ ಮುಖ್ಯ ಅತಿಥಿ ಆಗಬೇಕಂತೆ. ಅಧ್ಯಕ್ಷರು ಖುದ್ದಾಗಿ ಹೇಳಿದಾರೆ."

ಚಕ್ರವರ್ತಿ ಕುರ್ಚಿಯ ಚಕ್ರವನ್ನು ಸ್ವಲ್ಪ ಹಿಂದಕ್ಕೆ, ಸ್ವಲ್ಪ ಮುಂದಕ್ಕೆ ಆಡಿಸಿದ.

"ಆ ಹೊತ್ತಿಗೆ ನಾನಿಲ್ಲಿ ವಿದ್ಯಾರ್ಥಿ ಆಗಿರಲ್ಲ ಮೇಡಂ."

"ಪರವಾಗಿಲ್ಲ ಬನ್ನಿ" ಎಂದು ಗುಮಾಸ್ತೆಯಮ್ಮ ಧೈರ್ಯ ಹೇಳಿದರು. "ಮುಖ್ಯ ಅತಿಥಿ ವಿದ್ಯಾರ್ಥಿ ಆಗಿರಬೇಕು ಅಂತ ನಿಯಮ ಏನಿಲ್ಲ."