ಡ್ರಿಲ್ ಮೇಷ್ಟ್ರ ಕಂದಕ

ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಯುದ್ಧ ಅಂದ್ರೆ ಎಲ್ಲೋ ಗಡಿಯಲ್ಲಿ ನಡೆಯೋದು ಅಂತ ಪುಸ್ತಕದಲ್ಲಿತ್ತು. ನಮ್ಮ ಜಯನಗರದ ಹೈಸ್ಕೂಲಲ್ಲಿ ಮಾತ್ರ ಅದು ಸ್ಟಾಫ್ ರೂಮಿಗೇ ಬಂತು, ಅದೂ ನನ್ನ ಕುರ್ಚಿ ಹುಡುಕಿಕೊಂಡು.

ಸ್ಟೂಲು

ಆಗ ಜಯನಗರದಲ್ಲಿ ಮನೆಗಿಂತ ಖಾಲಿ ಸೈಟೇ ಜಾಸ್ತಿ. ಸ್ಟಾಫ್ ರೂಮಲ್ಲಿ ಡಿಗ್ರಿ ಆದವರಿಗೆ ಕುರ್ಚಿ. ಡ್ರಿಲ್ ಮೇಷ್ಟ್ರಿಗೆ ಬಾಗಿಲ ಪಕ್ಕ ಒಂದು ಸ್ಟೂಲು, ಅದಕ್ಕೂ ಒಂದು ಕಾಲು ಗಿಡ್ಡ. ಮಿಲಿಟರಿಯಿಂದ ಬಂದವರು, ಬರ್ಮಾ ನೋಡಿದವರು, ಗಿರಿಜಾ ಮೀಸೆ. ಅಲ್ಲಿ ಏನು ಮಾಡ್ತಿದ್ರು ಅಂತ ಯಾರೂ ಕೇಳಿರಲಿಲ್ಲ. ಆ ಮೀಸೆ ನೋಡಿದ ಮೇಲೆ ಕೇಳೋಕೂ ಧೈರ್ಯ ಬೇಕಲ್ಲ.

ಒಂದಿನ ಬೋರ್ಡ್ ತುಂಬ ಬಾಣ ಎಳೆದು ಪಾಣಿಪತ್ ಯುದ್ಧ ಹೇಳ್ತಿದ್ದೆ. ಡ್ರಿಲ್ ಮೇಷ್ಟ್ರು ಕಿಟಕಿಯಲ್ಲಿ ತಲೆ ಹಾಕಿದರು.

"ಸಾರ್, ಒಂದು ಡೌಟು. ಇಷ್ಟು ಜನ ಸಿಪಾಯಿಗಳು ಮಧ್ಯಾಹ್ನ ಏನು ಊಟ ಮಾಡಿದ್ರು?"

"ಅದು ಪುಸ್ತಕದಲ್ಲಿಲ್ಲ."

"ಹಂಗಾದ್ರೆ ಬರೆದೋರು ಮನೇಲಿ ಹೊಟ್ಟೆ ತುಂಬ ಉಂಡು ಬರೆದವ್ರೆ ಬಿಡಿ."

ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯ್ತು.

ಸೀಟಿ

ಅರವತ್ತೈದರಲ್ಲಿ ಯುದ್ಧ ಶುರುವಾಯ್ತು. ಸ್ಕೂಲಿನ ಮೈದಾನದಲ್ಲಿ ಕಂದಕ ತೋಡಬೇಕು, ವಿಮಾನ ಬಂದರೆ ಮಕ್ಕಳು ಅದರೊಳಗೆ ಇಳೀಬೇಕು ಅಂತ ಮೇಲಿಂದ ಆರ್ಡರ್ ಬಂತು. ಅದುವರೆಗೂ ಡ್ರಿಲ್ ಮೇಷ್ಟ್ರ ನಮಸ್ಕಾರಕ್ಕೆ ತಲೆ ಕೂಡ ಆಡಿಸದಿದ್ದ ಹೆಡ್‌ಮಾಸ್ಟರು ತಾವೇ ಒಂದು ಕುರ್ಚಿ ಎಳೆದು, "ಬನ್ನಿ, ಕೂತ್ಕೊಳ್ಳಿ. ಇನ್ಮೇಲೆ ನೀವು ಹೇಳಿದ ಹಾಗೆ" ಅಂದರು. ಆ ಕುರ್ಚಿ ನಂದು. ಕ್ಲಾಸ್ ಮುಗಿಸಿ ಬರೋ ಹೊತ್ತಿಗೆ ನನಗೆ ಸ್ಟೂಲು ಕಾಯ್ತಿತ್ತು. ಯುದ್ಧ ಬಂದರೆ ಅಧಿಕಾರ ಕೈ ಬದಲಾಯಿಸುತ್ತೆ ಅಂತ ವರ್ಷಾ ವರ್ಷ ನೋಟ್ಸ್ ಬರೆಸಿದವನು ನಾನೇ.

ಸೀಟಿ ಊದಿದರೆ ಎಲ್ಲರೂ ಮೇಜಿನ ಕೆಳಗೆ ಹೋಗಬೇಕು ಅಂತ ಡ್ರಿಲ್ ಮೇಷ್ಟ್ರು ರೂಲು ಮಾಡಿದರು. ಒಂದು ಬೆಳಿಗ್ಗೆ ಅವರೇ ಲೇಟಾಗಿ ಬಂದರು. "ಏನ್ರೀ, ಗಂಟೆ ಎಷ್ಟು?" ಅಂತ ಹೆಡ್‌ಮಾಸ್ಟರು ಶುರು ಮಾಡಿದರು. ಇವರು ಸೀಟಿ ಊದಿದರು. ಹೆಡ್‌ಮಾಸ್ಟರು ಪಂಚೆ ಎತ್ತಿಕೊಂಡು ಮೇಜಿನ ಕೆಳಗೆ ನುಗ್ಗಿದರು. ಹೊರಗೆ ಬರೋ ಹೊತ್ತಿಗೆ ಯಾಕೆ ಬೈಯ್ಯೋಕೆ ಹೊರಟಿದ್ದೆ ಅನ್ನೋದೇ ಅವರಿಗೆ ಮರೆತುಹೋಗಿತ್ತು.

ಕಂದಕ

ದಾರ ಹಿಡಿದು ಗುರುತು ಹಾಕಿ, ನಮ್ಮ ಕೈಗೂ ಗುದ್ದಲಿ ಕೊಟ್ಟು, ಡ್ರಿಲ್ ಮೇಷ್ಟ್ರು ಎರಡು ದಿನದಲ್ಲಿ ಕಂದಕ ತೋಡಿಸಿದರು. ನೋಡೋಕೆ ಪಕ್ಕದ ಬೀದಿಯ ರಿಟೈರ್ಡ್ ಕರ್ನಲ್ ಬಂದರು. ಮಂಡಿಯುದ್ದ ಆಳ, ಒಂದೂವರೆ ಗೇಣು ಅಗಲ, ಗಾಳಿಗೆ ಎದುರಾಗಿ ಒಂದು ಕೊನೆ ಇಳಿಜಾರು.

"ಇದರೊಳಗೆ ಬೆಕ್ಕೂ ಅಡಗಲ್ಲ. ಮಿಲಿಟರೀಲಿ ಏನ್ರೀ ಕೆಲಸ ನಿಮ್ದು?"

ಡ್ರಿಲ್ ಮೇಷ್ಟ್ರು ಅಟೆನ್ಷನ್‌ನಲ್ಲೇ ನಿಂತು ಹೇಳಿದರು: "ಅಡುಗೆ ಸಾರ್, ಇನ್ನೂರು ಜನಕ್ಕೆ. ಕವಾಯತು ಎಲ್ರಿಗೂ ಕಲಿಸೋರು, ಅದು ಬರುತ್ತೆ. ಆದ್ರೆ ಒಲೆಗೆ ಬಿಟ್ರೆ ಬೇರೆ ಯಾವುದಕ್ಕೂ ನಾನು ಮಣ್ಣು ಅಗೆದೋನಲ್ಲ."

ಇನ್ನು ಕುರ್ಚಿ ವಾಪಸ್ ಬಂದ ಹಾಗೇ ಅಂತ ನಾನು ಒಳಗೊಳಗೇ ಕುಣಿದೆ, ಸುಳ್ಳು ಯಾಕೆ ಹೇಳಲಿ. ಜೋತುಬಿದ್ದ ಆ ಮೀಸೆ ನೋಡಿ ಪಾಪ ಅನ್ನಿಸಿದ್ದು ಆಮೇಲೆ.

ಕುರ್ಚಿ

ಇನ್ನೊಂದು ಕಂದಕ ತೋಡೋ ಮೊದಲೇ ಯುದ್ಧ ನಿಂತಿತು. ಆ ಖುಷಿಗೆ ಹೆಡ್‌ಮಾಸ್ಟರು ಮಕ್ಕಳಿಗೆಲ್ಲ ಊಟ ಅಂತ ಸಾರಿಬಿಟ್ಟರು. ಪಕ್ಕದ ಸಿದ್ದಾಪುರದಿಂದ ಬರಬೇಕಾದ ಅಡುಗೆಯವರು ಕೈಕೊಟ್ಟರು. ಡ್ರಿಲ್ ಮೇಷ್ಟ್ರು ಶರ್ಟ್ ಬಿಚ್ಚಿಟ್ಟು, ಅದೇ ಕಂದಕಕ್ಕೆ ಸೌದೆ ತುಂಬಿ, ಮೇಲೆ ಸಾಲಾಗಿ ಕೊಳದಪ್ಪಲೆ ಇಟ್ಟರು. ಮಧ್ಯಾಹ್ನಕ್ಕೆ ಬಿಸಿಬೇಳೆ ಭಾತು, ಪಾಯಸ. ಹೆಡ್‌ಮಾಸ್ಟರು ಮೂರು ಸಲ ಹಾಕಿಸಿಕೊಂಡರು.

ಮಾರನೇ ದಿನ ನಾನು ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಿಡಿದೆ. ಡ್ರಿಲ್ ಮೇಷ್ಟ್ರು ಸ್ಟೂಲಿಗೆ ಹೋದರು. ಒಳಗೆ ಬಂದ ಹೆಡ್‌ಮಾಸ್ಟರು ಇಬ್ಬರನ್ನೂ ನೋಡಿದರು.

"ಏಳ್ರೀ ನೀವು," ಅಂದರು ನನಗೆ. "ನಿಮ್ಮ ಪಾಠ ತಪ್ಪಿದ್ರೆ ಮಕ್ಕಳಿಗೆ ಖುಷಿ. ಇವರ ಊಟ ತಪ್ಪಿದ್ರೆ ಏನು ಗತಿ?"

ಸ್ಟೂಲಿನ ಮೇಲೆ ಕೂತು ಕುದ್ದುಹೋದೆ. ಪಕ್ಕದ ಮೊಳೆಯಲ್ಲೇ ಸೀಟಿ ನೇತಾಡ್ತಿತ್ತು. ಊದೇಬಿಟ್ಟೆ. ಹೆಡ್‌ಮಾಸ್ಟರು ಸೇರಿ ಸ್ಟಾಫೆಲ್ಲ ಮೇಜಿನ ಕೆಳಗೆ. ಡ್ರಿಲ್ ಮೇಷ್ಟ್ರು ಮಾತ್ರ ಕುರ್ಚಿಯಲ್ಲಿ ಅಲ್ಲಾಡದೆ ಮೀಸೆ ತಿರುವಿದರು.

"ಸೀಟಿ ಊದಿದ್ದಕ್ಕೆಲ್ಲ ನಾನು ಏಳಲ್ಲ ಸಾರ್. ಅನ್ನ ತಳ ಹಿಡಿದ ವಾಸನೆ ಬಂದ್ರೆ ಮಾತ್ರ."